ಕ್ಯಾಮೆರಾ ಕೈ ಕೊಟ್ಟಾಗ: ತಪ್ಪು ಬಾಡಿಯದೋ, ಲೆನ್ಸಿನದೋ, ನಡುವಿನ ಸಣ್ಣ ಸಾಮಾನಿನದೋ?

ಕಾರ್ತಿಕ ಮಾಸದ ಕೊನೆಯ ಸೋಮವಾರ, ಬಸವನಗುಡಿಯ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯ ಜನಜಂಗುಳಿ ಮಧ್ಯೆ ನಿಂತುಕೊಂಡೇ ಲೆನ್ಸ್ ಬದಲಿಸಿದೆ. ಬದಲಿಸಿದ್ದೇ ತಡ, ಲೆನ್ಸ್ ಸರಿಯಾಗಿ ಕೂತಿಲ್ಲ ಅಂತ ಪರದೆ ಮೇಲೆ ಸಂದೇಶ ಬಂತು. ತೆಗೆದು ಹಾಕಿದೆ, ಆಫ್ ಮಾಡಿ ಆನ್ ಮಾಡಿದೆ, ಬ್ಯಾಟರಿ ತೆಗೆದು ಹಾಕಿದೆ. ಉಹೂಂ. ಮಾರನೇ ದಿನ ಒಂದು ರಿಪೇರಿ ಅಂಗಡಿಗೆ ಹೋದರೆ, ಒಳಗಿನ ಬೋರ್ಡ್ ಹೋಗಿದೆ, 14,000 ರೂಪಾಯಿ ಆಗುತ್ತೆ ಅಂದರು. ದುಡ್ಡು ಹೊಂದಿಸಿಕೊಂಡು ಬರ್ತೀನಿ ಅಂತ ಮನೆಗೆ ಬಂದೆ. ಸಂಜೆ ಗೆಳೆಯ ಬಂದವನು ಲೆನ್ಸಿನ ಹಿಂದಿರುವ ಚಿನ್ನದ ಬಣ್ಣದ ಚುಕ್ಕೆಗಳನ್ನು, ಅಂದರೆ ಬಾಡಿಗೂ ಲೆನ್ಸಿಗೂ ಕರೆಂಟ್ ದಾಟಿಸುವ ಲೋಹದ ಬಿಂದುಗಳನ್ನು, ಕನ್ನಡಕ ಒರೆಸುವ ಬಟ್ಟೆಯಲ್ಲಿ ಎರಡು ಸಲ ಒರೆಸಿ ಹಾಕಿದ. ಕ್ಯಾಮೆರಾ ಎದ್ದು ಕೂತಿತು. ಆಗಿದ್ದು ಇಷ್ಟೇ, ನನ್ನ ಬೆರಳಿನ ಜಿಡ್ಡು, ಅದಕ್ಕೆ ಅಂಟಿದ ಪರಿಷೆಯ ದೂಳು.

ಲೆನ್ಸ್ ಬದಲಿಸುವ ಕ್ಯಾಮೆರಾ ಒಂದೇ ವಸ್ತು ಅಲ್ಲ. ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಒಂದು ಕಂಪನಿಯದು, ಲೆನ್ಸ್ ಇನ್ನೊಂದರದು, ಒಂದು ಬಗೆಯ ಬಾಡಿಗೆ ಇನ್ನೊಂದು ಬಗೆಯ ಲೆನ್ಸ್ ಕೂರಿಸುವ ಅಡಾಪ್ಟರ್ ಮತ್ತೊಂದು, ಕಾರ್ಡು, ಬ್ಯಾಟರಿ, ಫಿಲ್ಟರ್, ಫ್ಲ್ಯಾಶ್ ಎಲ್ಲಾ ಬೇರೆ ಬೇರೆ ಕಡೆಯಿಂದ ಬಂದು ಒಟ್ಟಿಗೆ ಸಂಸಾರ ಮಾಡ್ತಿರುತ್ತವೆ. ನಾನು ನೋಡಿದ ತೊಂದರೆಗಳಲ್ಲಿ ಹೆಚ್ಚಿನವು ಇವು ಒಂದಕ್ಕೊಂದು ಸೇರುವ ಜಾಗದಲ್ಲೇ ಇದ್ದವು. ಹಾಗಾಗಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಅದೇ ಬಾಡಿಗೆ ಬೇರೆ ಲೆನ್ಸ್ ಹಾಕಿ. ಆಮೇಲೆ ಅದೇ ಲೆನ್ಸನ್ನು ಬೇರೆ ಬಾಡಿಗೆ ಹಾಕಿ. ತೊಂದರೆ ಯಾವುದರ ಜೊತೆ ಓಡಾಡುತ್ತೋ ಅದೇ ಕಳ್ಳ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಏನೂ ಗೊತ್ತಾಗಲ್ಲ. ಎರಡನೇ ಬಾಡಿ ಇಲ್ವಾ? ಭಾನುವಾರ ಬೆಳಿಗ್ಗೆ ಲಾಲ್‌ಬಾಗಿಗೆ ಹೋಗಿ. ನಿಮ್ಮದೇ ಮೌಂಟ್, ಅಂದರೆ ಲೆನ್ಸ್ ಕೂರುವ ಬಾಯಿ, ಇರುವ ಕ್ಯಾಮೆರಾ ಇಟ್ಟುಕೊಂಡ ಯಾರಾದರೂ ಸಿಗ್ತಾರೆ, ಎರಡು ನಿಮಿಷ ಹಾಕಿ ನೋಡ್ಲಾ ಅಂದರೆ ಸಾಮಾನ್ಯವಾಗಿ ಇಲ್ಲ ಅನ್ನಲ್ಲ. ಇಲ್ಲದಿದ್ದರೆ ಒಂದು ದಿನಕ್ಕೆ ಇನ್ನೊಂದು ಬಾಡಿಯನ್ನು ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಡುವವರಿಗೇನೂ ಕಮ್ಮಿಯಿಲ್ಲ, ತಪ್ಪು ರಿಪೇರಿಗಿಂತ ಅದು ಎಷ್ಟೋ ಅಗ್ಗ.

ಲೆನ್ಸ್, ಕಾರ್ಡ್, ಬ್ಯಾಟರಿ ಯಾವುದಕ್ಕೆ ಕೈ ಹಾಕುವ ಮೊದಲೂ ಕ್ಯಾಮೆರಾ ಆಫ್ ಮಾಡಿ, ಕಾರ್ಡಿಗೆ ಬರೆಯುವ ದೀಪ ಆರುವ ತನಕ ಕಾಯಿರಿ.

ಲೆನ್ಸ್ ಗುರುತಿಸುತ್ತಿಲ್ಲ, ಅಪರ್ಚರ್ ಅಂಕಿ ಕಾಣ್ತಿಲ್ಲ, ಎರರ್ ಬರ್ತಿದೆ

ಮೊದಲು ಲೆನ್ಸ್ ತಿರುಗಿಸಿ ‘ಟಕ್’ ಅಂತ ಸದ್ದು ಬಂತಾ ನೋಡಿ. ಅರ್ಧ ತಿರುಗಿ ನಿಂತ ಲೆನ್ಸ್ ಕೂತ ಹಾಗೇ ಕಾಣುತ್ತೆ, ಆದರೆ ಚುಕ್ಕೆಗಳು ಒಂದಕ್ಕೊಂದು ತಾಗಿರಲ್ಲ.

ಸರಿಯಾಗಿ ಕೂತಿದ್ದರೂ ಅದೇ ಕಥೆ ಆದರೆ, ಒಣಗಿದ ಮೈಕ್ರೋಫೈಬರ್ ಬಟ್ಟೆಯಲ್ಲಿ ಲೆನ್ಸ್ ಕಡೆಯ ಚುಕ್ಕೆಗಳನ್ನು ಒರೆಸಿ. ಜಿಡ್ಡು ಹೋಗದಿದ್ದರೆ ಹತ್ತಿಕಡ್ಡಿಗೆ ಒಂದೇ ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಒಣಗಲು ಬಿಡಿ. ತುಂಬಾ ಜನ ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಾರೆ. ದಯವಿಟ್ಟು ಬೇಡ. ರಬ್ಬರಿನ ಪುಡಿ ಒಳಗೆ ಬೀಳುತ್ತೆ, ಮೇಲಿನ ಚಿನ್ನದ ಲೇಪವೂ ಸವೆಯುತ್ತೆ. ಬಾಡಿ ಕಡೆ ಇರೋದು ಸ್ಪ್ರಿಂಗ್ ಮೇಲೆ ಕೂತ ಪುಟ್ಟ ಪಿನ್ನುಗಳು. ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಎಲ್ಲಾ ಒಂದೇ ಎತ್ತರದಲ್ಲಿ ಇವೆಯಾ? ಒಂದು ಒಳಗೇ ಸಿಕ್ಕಿಕೊಂಡಿದ್ದರೆ, ಸೊಟ್ಟಗಾಗಿದ್ದರೆ, ಸೂಜಿ ಗೀಜಿ ಹಾಕಿ ಎಬ್ಬಿಸಲು ಹೋಗಬೇಡಿ. ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಪರದೆ ಮೇಲಿನ ಅಕ್ಷರಗಳೂ ಸುಳಿವು ಕೊಡುತ್ತವೆ. ಕ್ಯಾನನ್‌ನಲ್ಲಿ ‘ಎರರ್ 01’ ಬಂದರೆ ಬಾಡಿಗೂ ಲೆನ್ಸಿಗೂ ಮಾತು ನಿಂತಿದೆ ಅಂತ ಅರ್ಥ. ಅಪರ್ಚರ್ (ಬೆಳಕು ಒಳಬರುವ ಕಂಡಿ) ಬದಲಿಸುವ ರಿಂಗ್ ಇರುವ ಹಳೆಯ ನಿಕಾನ್ ಲೆನ್ಸ್ ಹಾಕಿದಾಗ ‘ಎಫ್‌ಇಇ’ ಬಂದರೆ ಏನೂ ಕೆಟ್ಟಿಲ್ಲ. ರಿಂಗನ್ನು ಅತಿ ದೊಡ್ಡ ಅಂಕಿಗೆ, ಅಂದರೆ 16ಕ್ಕೋ 22ಕ್ಕೋ ತಿರುಗಿಸಿ ಲಾಕ್ ಮಾಡಿ, ಮುಗೀತು. ಇಷ್ಟಕ್ಕೇ ಹೆದರಿ ಒಳ್ಳೇ ಹಳೇ 50 ಎಂಎಂ ಲೆನ್ಸನ್ನು ಮಾರಿಬಿಟ್ಟವರು ನನಗೆ ಗೊತ್ತು.

ಲೆನ್ಸ್ ಗುರುತಿಸುತ್ತೆ ಆದರೆ ಆಟೋಫೋಕಸ್ ಮಾತ್ರ ಇಲ್ಲ ಅಂದರೆ, ಮೋಟಾರ್ ಎಲ್ಲಿದೆ ಅಂತ ಕೇಳಿಕೊಳ್ಳಿ. ನಿಕಾನಿನ ಎಎಫ್-ಡಿ ಲೆನ್ಸುಗಳ ಒಳಗೆ ಮೋಟಾರೇ ಇಲ್ಲ, ಬಾಡಿಯ ಮೋಟಾರ್ ಅದನ್ನು ತಿರುಗಿಸಬೇಕು. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಆ ಮೋಟಾರ್ ಇಲ್ಲ. ನಿಕಾನಿನ ಕನ್ನಡಿ ಇಲ್ಲದ ಝಡ್ ಬಾಡಿಗೆ ಹಳೇ ಲೆನ್ಸ್ ಕೂರಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೂ ಇಲ್ಲ. ಕೈಯಲ್ಲಿ ತಿರುಗಿಸಿ ಫೋಕಸ್ ಮಾಡೋದೇ ದಾರಿ. ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಳ್ಳುವ ಮೊದಲು ಇದನ್ನು ಕೇಳಿಯೇ ದುಡ್ಡು ಕೊಡಿ.

ಅಡಾಪ್ಟರ್ ಇದ್ದರೆ ಅದೇ ಮೊದಲ ಅನುಮಾನ. ತೆಗೆದುಬಿಟ್ಟು ಬಾಡಿಯದೇ ಮೌಂಟಿನ ಲೆನ್ಸ್ ಹಾಕಿ. ಅದು ಓಡಿದರೆ ಬಾಡಿ ಚೆನ್ನಾಗಿದೆ. ಇನ್ನು ದೂರದ ಬೆಟ್ಟ, ಚಂದ್ರ ಯಾವುದಕ್ಕೂ ಫೋಕಸ್ ಬರ್ತಿಲ್ಲ, ಹತ್ತಿರದ್ದು ಮಾತ್ರ ಬರ್ತಿದೆ ಅಂದರೆ ಅಡಾಪ್ಟರಿನ ದಪ್ಪದ ಲೆಕ್ಕ ತಪ್ಪಿದೆ. ಪ್ರತಿ ಮೌಂಟಿಗೂ ಚಿತ್ರ ಹಿಡಿಯುವ ಫಲಕದಿಂದ, ಅಂದರೆ ಸೆನ್ಸರಿನಿಂದ ಇಷ್ಟೇ ದೂರ ಅಂತ ಇರುತ್ತೆ. ನಿಕಾನ್ ಎಫ್ ಮೌಂಟಿಗೆ 46.5 ಮಿಲಿಮೀಟರ್, ಕ್ಯಾನನ್ ಇಎಫ್‌ಗೆ 44, ಸೋನಿ ಇಗೆ 18, ನಿಕಾನ್ ಝಡ್‌ಗೆ 16. ಅಂದರೆ ಎಫ್ ಲೆನ್ಸನ್ನು ಝಡ್ ಬಾಡಿಗೆ ಹಾಕುವ ಅಡಾಪ್ಟರ್ ಸರಿಯಾಗಿ 30.5 ಮಿಲಿಮೀಟರ್ ಇರಬೇಕು. ಚೂರು ದಪ್ಪ ಆದರೂ ದೂರದ್ದು ಮಬ್ಬು. ಚೂರು ತೆಳ್ಳಗಾದರೆ ಲೆನ್ಸ್ ಮೇಲಿನ ದೂರದ ಗುರುತು ದಾಟಿ ಹೋಗುತ್ತೆ, ಅದರಿಂದ ಅಷ್ಟೇನೂ ತೊಂದರೆ ಇಲ್ಲ. ಇಎಫ್ ಲೆನ್ಸನ್ನು ನಿಕಾನ್ ಎಫ್ ಬಾಡಿಗೆ ಹಾಕುವ ಅಡಾಪ್ಟರ್‌ಗಳೂ ಮಾರಾಟಕ್ಕಿವೆ. ಆದರೆ ದೂರವೇ ಉಲ್ಟಾ ಇರುವುದರಿಂದ ನಡುವೆ ಇನ್ನೊಂದು ಗಾಜು ಇಲ್ಲದೆ ದೂರಕ್ಕೆ ಫೋಕಸ್ ಬರೋದು ಸಾಧ್ಯವೇ ಇಲ್ಲ. ಅಲ್ಲಿ ದುಡ್ಡು ಹಾಕಬೇಡಿ.

ಪೂರ್ತಿ ಮ್ಯಾನುಯಲ್ ಲೆನ್ಸ್ ಹಾಕಿದಾಗ ಶಟರ್ ಒತ್ತಿದರೂ ಸುಮ್ನೆ ಇರುತ್ತಾ? ಮೆನುವಿನಲ್ಲಿ ‘ಲೆನ್ಸ್ ಇಲ್ಲದೆ ಶಟರ್’ ಅನ್ನುವ ಆಯ್ಕೆ ಹುಡುಕಿ ಆನ್ ಮಾಡಿ.

ಇನ್ನೊಂದು ವಿಷಯ. ಬಾಡಿಗೆ ಒಳಗಿನ ಸಾಫ್ಟ್‌ವೇರಿನ ಹೊಸ ಆವೃತ್ತಿ, ಅಂದರೆ ಹೊಸ ಫರ್ಮ್‌ವೇರ್ ಹಾಕಿದ ಮಾರನೇ ದಿನದಿಂದ ಬೇರೆ ಕಂಪನಿಯ ಲೆನ್ಸ್ ತೊದಲಲು ಶುರು ಮಾಡಿದ್ದರೆ, ಲೆನ್ಸಿನ ಫರ್ಮ್‌ವೇರೂ ಹೊಸದು ಬಂದಿದೆಯಾ ನೋಡಿ. ಕೆಲವು ಲೆನ್ಸುಗಳನ್ನು ಬಾಡಿ ಕಂಪನಿಯ ಪರವಾನಗಿ ಪಡೆದು ಮಾಡಿರುತ್ತಾರೆ. 2024ರ ಏಪ್ರಿಲ್‌ನಲ್ಲಿ ಸಿಗ್ಮಾ ಮತ್ತು ಟ್ಯಾಮ್ರಾನ್ ಹಾಗೆಯೇ ಕ್ಯಾನನ್ ಆರ್‌ಎಫ್ ಮೌಂಟಿಗೆ ಎಪಿಎಸ್-ಸಿ, ಅಂದರೆ ಚಿಕ್ಕ ಸೆನ್ಸರಿನ ಬಾಡಿಗಳ ಲೆನ್ಸುಗಳನ್ನು ಘೋಷಿಸಿದವು. ಇನ್ನು ಕೆಲವರು ಬಾಡಿ ಆಡುವ ಮಾತನ್ನು ತಾವೇ ಕದ್ದು ಕೇಳಿ ಲೆನ್ಸಿಗೆ ಕಲಿಸಿರುತ್ತಾರೆ. ಎರಡನೇ ಬಗೆಯದಕ್ಕೆ ಬಾಡಿ ಬದಲಾದಾಗ ಗೊಂದಲ ಆಗುವ ಸಾಧ್ಯತೆ ಜಾಸ್ತಿ. ಟ್ಯಾಮ್ರಾನಿನ ಹೊಸ ಲೆನ್ಸುಗಳ ಮೈಮೇಲೇ ಯುಎಸ್‌ಬಿ-ಸಿ ತೂತು ಇದೆ, ಕಂಪ್ಯೂಟರಿಗೆ ನೇರ ಸಿಕ್ಕಿಸಿ ಅಪ್‌ಡೇಟ್ ಮಾಡಬಹುದು. ವಿಲ್ಟ್ರಾಕ್ಸ್ ಲೆನ್ಸುಗಳಲ್ಲೂ ಹೀಗೆ ತೂತು ಇರುತ್ತೆ. ಬಾಡಿಗೆ ಫರ್ಮ್‌ವೇರ್ ಹಾಕುವಾಗ ಬ್ಯಾಟರಿ ಪೂರ್ತಿ ತುಂಬಿರಲಿ, ನಡುವೆ ಆಫ್ ಮಾಡಬೇಡಿ. ಅರ್ಧಕ್ಕೆ ನಿಂತರೆ ಆಗ ನಿಜವಾಗಿಯೂ ಸರ್ವಿಸ್ ಸೆಂಟರೇ ಗತಿ.

ಫೋಟೋದಲ್ಲಿ ಕಪ್ಪು ಚುಕ್ಕೆಗಳು

ಜನವರಿಯಿಂದ ಮಾರ್ಚ್ ತನಕ ಊರೆಲ್ಲ ಟಬೆಬುಯಾ ಮರ ಗುಲಾಬಿ ಬಣ್ಣದ ಹೂ ಬಿಡುತ್ತೆ. ಎಲ್ಲರೂ ನೀಲಿ ಆಕಾಶಕ್ಕೆ ಕ್ಯಾಮೆರಾ ಎತ್ತುತ್ತಾರೆ. ಆಗಲೇ ಈ ಚುಕ್ಕೆಗಳು ಮೊದಲ ಸಲ ಕಣ್ಣಿಗೆ ಬೀಳೋದು. ಮಳೆಗಾಲದಿಂದಲೂ ಅಲ್ಲೇ ಇದ್ದವು, ಗಿಡ ಮರ ಜನರ ನಡುವೆ ಕಂಡಿರಲಿಲ್ಲ ಅಷ್ಟೇ.

ಪರೀಕ್ಷೆಗೆ ಪೈಸೆ ಖರ್ಚಿಲ್ಲ. ಐಎಸ್‌ಒ 100, ಅಪರ್ಚರ್ ಎಫ್/16 ಅಥವಾ ಎಫ್/22. ಬಿಳಿ ಗೋಡೆಯನ್ನೋ ಲ್ಯಾಪ್‌ಟಾಪಿನ ಬಿಳಿ ಪರದೆಯನ್ನೋ ಬೇಕಂತಲೇ ಫೋಕಸ್ ತಪ್ಪಿಸಿ, ಕ್ಯಾಮೆರಾ ಸ್ವಲ್ಪ ಅಲ್ಲಾಡಿಸುತ್ತಾ ತೆಗೆಯಿರಿ. ಈಗ ಲೆನ್ಸ್ ಬದಲಿಸಿ ಇನ್ನೊಂದು. ಎರಡರಲ್ಲೂ ಅದೇ ಜಾಗದಲ್ಲಿ ಚುಕ್ಕೆ ಇದ್ದರೆ ದೂಳು ಸೆನ್ಸರ್ ಮೇಲಿದೆ. ಎಫ್/2.8ರಲ್ಲಿ ಅದೇ ಚುಕ್ಕೆ ಕರಗಿ ಮಾಯವಾಗುತ್ತೆ, ಅದು ಸೆನ್ಸರ್ ದೂಳಿನ ಗುರುತು. ಲೆನ್ಸಿನ ಮುಂದಿನ ಗಾಜಿನ ಮೇಲಿನ ಸಣ್ಣ ದೂಳು ಫೋಟೋದಲ್ಲಿ ಚುಕ್ಕೆಯಾಗಿ ಬೀಳೋದೇ ಅಪರೂಪ, ಸುಮ್ನೆ ಅದನ್ನು ಉಜ್ಜಿ ಉಜ್ಜಿ ಗೀರಬೇಡಿ. ಡಿಎಸ್‌ಎಲ್‌ಆರ್‌ನಲ್ಲಿ ಕಣ್ಣಿಟ್ಟು ನೋಡುವಾಗ ಮಾತ್ರ ಕಾಣುವ, ಫೋಟೋದಲ್ಲಿ ಇಲ್ಲದ ಚುಕ್ಕೆ ಈ ಬಗೆಯ ಕ್ಯಾಮೆರಾದ ಒಳಗಿರುವ ಕನ್ನಡಿಯ ಕಡೆಯದು. ಅದರಿಂದ ಏನೂ ಹಾನಿ ಇಲ್ಲ, ಬಿಟ್ಟುಬಿಡಿ. ಕತ್ತಲಲ್ಲಿ ಹೆಚ್ಚು ಹೊತ್ತು ತೆರೆದು ತೆಗೆದ ಫೋಟೋದಲ್ಲಿ ಕೆಂಪು, ನೀಲಿ, ಹಸಿರು ಚುಕ್ಕೆ ಹೊಳೆದರೆ ಅದು ದೂಳೇ ಅಲ್ಲ, ಸೆನ್ಸರಿನ ಒಂದೊಂದು ಪಿಕ್ಸೆಲ್ಲಿನ ಹಟ. ಮೆನುವಿನಲ್ಲಿ ಅಂಥ ಪಿಕ್ಸೆಲ್ ಮುಚ್ಚಿಹಾಕುವ ‘ಪಿಕ್ಸೆಲ್ ಮ್ಯಾಪಿಂಗ್’ ಇದ್ದರೆ ಮಾಡಿ ನೋಡಿ.

ದೂಳು ಅಂತ ಖಾತ್ರಿ ಆದಮೇಲೆ, ಮೊದಲು ಮೆನುವಿನ ಸೆನ್ಸರ್ ಕ್ಲೀನಿಂಗ್ ಎರಡು ಮೂರು ಸಲ ಓಡಿಸಿ. ಹೋಗಲಿಲ್ಲ ಅಂದರೆ ರಬ್ಬರ್ ಬ್ಲೋವರ್. ಬ್ಯಾಟರಿ ತುಂಬಿಸಿ, ಫ್ಯಾನ್ ಆರಿಸಿ, ಡಿಎಸ್‌ಎಲ್‌ಆರ್ ಆದರೆ ಕನ್ನಡಿ ಎತ್ತಿ ಹಿಡಿಯುವ ಕ್ಲೀನಿಂಗ್ ಮೋಡ್ ಹಾಕಿ. ಬಾಡಿಯ ಬಾಯಿ ಕೆಳಗೆ ಮಾಡಿ ಹಿಡಿದು ಕೆಳಗಿನಿಂದ ಊದಿ. ಬ್ಲೋವರಿನ ಮೂತಿ ಒಳಗೆ ತಾಗಬಾರದು. ಚುಕ್ಕೆ ಎಲ್ಲಿದೆ ಅಂತ ಹುಡುಕುವಾಗ ಒಂದು ವಿಷಯ ನೆನಪಿರಲಿ. ಬಿಂಬ ತಲೆಕೆಳಗಾಗಿ ಬೀಳುತ್ತೆ. ಫೋಟೋದ ಮೇಲೆ ಎಡಗಡೆ ಇರುವ ಚುಕ್ಕೆ, ಎದುರಿನಿಂದ ಸೆನ್ಸರ್ ನೋಡಿದಾಗ ಕೆಳಗೆ ಎಡಗಡೆ ಇರುತ್ತೆ.

ಬಾಯಿಂದ ಊದಬೇಡಿ, ಎಂಜಲು ಹನಿ ಬಿದ್ದರೆ ದೂಳಿಗಿಂತ ದೊಡ್ಡ ತಲೆನೋವು. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿ ಬೇಡ, ಅದರಿಂದ ದ್ರವ ಚಿಮ್ಮುತ್ತೆ. ಕಂಪ್ಯೂಟರ್ ಅಂಗಡಿಯ ಕರೆಂಟ್ ಬ್ಲೋವರ್ ಅಂತೂ ಬೇಡವೇ ಬೇಡ. ತೆಳ್ಳನೆಯ ಶಟರ್ ಪರದೆ ಆ ಗಾಳಿಗೆ ಮಡಚಿಕೊಂಡರೆ ಹೊಸದೇ ಹಾಕಿಸಬೇಕು.

ಅಂಟಿಕೊಂಡ ಚುಕ್ಕೆಗೆ ಒದ್ದೆ ಸ್ವಾಬ್ ಬೇಕು. ಎಪಿಎಸ್-ಸಿಗೆ 16 ಮಿಲಿಮೀಟರ್ ಅಗಲದ್ದು, ದೊಡ್ಡ ಸೆನ್ಸರಿನ ಫುಲ್ ಫ್ರೇಮಿಗೆ 24. ಎರಡು ಹನಿ ದ್ರವ, ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಎಳೆತ, ತಿರುಗಿಸಿ ವಾಪಸ್ ಒಂದು, ಆಮೇಲೆ ಎಸೆದುಬಿಡಿ. ಎರಡು ಸ್ವಾಬ್ ಮುಗಿದರೂ ಹೋಗದಿದ್ದರೆ ಅಲ್ಲಿಗೆ ನಿಲ್ಲಿಸಿ. ಸೆನ್ಸರ್ ಅಲ್ಲಾಡುವ, ಅಂದರೆ ಬಾಡಿಯೊಳಗೇ ಸ್ಟೆಬಿಲೈಸೇಶನ್ ಇರುವ ಕ್ಯಾಮೆರಾದಲ್ಲಿ ಒತ್ತಡ ಹಾಕಲೇಬಾರದು. ಕೈ ನಡುಗುತ್ತೆ, ಭಯ ಆಗುತ್ತೆ ಅನ್ನುವವರು ಈ ಹಂತ ಬಿಟ್ಟು ನೇರ ಸರ್ವಿಸ್‌ಗೆ ಕೊಡಿ. ಇದರಲ್ಲಿ ನಾಚಿಕೆ ಏನಿಲ್ಲ.

ಫೋಟೋ ಮಬ್ಬು, ಶಾರ್ಪ್ ಇಲ್ಲ

ಫೋಟೋ ಮಬ್ಬಾ ಅಥವಾ ಕಣ್ಣಿಟ್ಟು ನೋಡುವಾಗ ಮಾತ್ರ ಮಬ್ಬಾ? ಎರಡನೆಯದಾದರೆ ವ್ಯೂಫೈಂಡರ್ ಪಕ್ಕದ ಪುಟ್ಟ ಚಕ್ರ ತಿರುಗಿದೆ. ಒಳಗಿನ ಅಂಕಿಗಳು ಸ್ಪಷ್ಟ ಕಾಣುವ ತನಕ ತಿರುಗಿಸಿ.

ಫೋಕಸ್ ಸಿಗುತ್ತಿಲ್ಲ, ಅಥವಾ ಲೆನ್ಸ್ ಹಿಂದೆ ಮುಂದೆ ಒದ್ದಾಡುತ್ತಿದೆ ಅಂದರೆ ಲೆನ್ಸ್ ಮೇಲಿನ ಸ್ವಿಚ್ಚುಗಳನ್ನು ನೋಡಿ. ಎಎಫ್ (ಆಟೋಫೋಕಸ್) ಬದಲು ಎಂಎಫ್ (ಕೈಯಲ್ಲಿ ಫೋಕಸ್) ಆಗಿರಬಹುದು, ಅಥವಾ ಎಷ್ಟು ದೂರದಲ್ಲಿ ಫೋಕಸ್ ಹುಡುಕಬೇಕು ಅಂತ ಮಿತಿ ಹಾಕುವ ಫೋಕಸ್ ಲಿಮಿಟರ್ ದೂರಕ್ಕೆ ಹೋಗಿರಬಹುದು. ಬ್ಯಾಗಿನಿಂದ ಎಳೆಯುವಾಗ ಇವು ತಾವೇ ಸರಿಯುತ್ತವೆ. ಆಮೇಲೆ ಫಿಲ್ಟರ್ ಬಿಚ್ಚಿ. ಗಾಜು ಉಳಿಸೋಣ ಅಂತ 300 ರೂಪಾಯಿಯ ಯುವಿ ಫಿಲ್ಟರನ್ನು 600 ಎಂಎಂ ಲೆನ್ಸ್ ಮುಂದೆ ಹಾಕಿ, ಲೆನ್ಸ್ ಮೆತ್ತಗಿದೆ ಅಂತ ಕಂಪನಿಯನ್ನು ಬಯ್ಯುವವರನ್ನು ನೋಡಿದ್ದೇನೆ. ರಾತ್ರಿ ಫೋಟೋದಲ್ಲಿ ದೀಪಗಳ ಪ್ರತಿಬಿಂಬ ಎದುರು ಮೂಲೆಯಲ್ಲಿ ತಲೆಕೆಳಗಾಗಿ ತೇಲುತ್ತಿದ್ದರೂ ಮೊದಲ ಅನುಮಾನ ಫಿಲ್ಟರಿನ ಮೇಲೆ.

ಹಕ್ಕಿ ಫೋಟೋ ತೆಗೆಯುವವರಿಗೆ ಒಂದು ಮಾತು. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಬೆಳಿಗ್ಗೆ ಏಳಕ್ಕೆ ಗರಿ ಗರಿ ಕಂಡ ಫೋಟೋ, ಹತ್ತು ಗಂಟೆಗೆ ಅದೇ ಲೆನ್ಸಿನಲ್ಲಿ ಕರಗಿದ ಹಾಗೆ ಬರುತ್ತೆ. ಲೆನ್ಸ್ ಬಿಸಿಯಾಯ್ತು, ಮೋಟಾರ್ ಹೋಯ್ತು ಅಂತೆಲ್ಲ ಅಂದುಕೊಳ್ಳುತ್ತೇವೆ. ಆಗಿದ್ದು ಬೇರೆ. ನೆಲ ಕಾದು ಬಿಸಿ ಗಾಳಿ ಎದ್ದಿದೆ, ನಿಮಗೂ ಹಕ್ಕಿಗೂ ನಡುವೆ ಅದು ಕುಣಿಯುತ್ತಿದೆ. ನೂರು ಮೀಟರ್ ದೂರದ್ದು ಅದರ ಮೂಲಕ ಶಾರ್ಪ್ ಬರಲು ಸಾಧ್ಯವೇ ಇಲ್ಲ, ಎಷ್ಟೇ ಲಕ್ಷದ ಲೆನ್ಸ್ ಇರಲಿ. ಪರೀಕ್ಷೆ ಸುಲಭ. ನೆರಳಿನಲ್ಲಿ ಹತ್ತು ಮೀಟರ್ ದೂರದ ಕೊಂಬೆಯೊಂದನ್ನು 1/1000 ಸೆಕೆಂಡ್ ಶಟರ್ ವೇಗದಲ್ಲಿ ತೆಗೆಯಿರಿ. ಅದು ಚೆನ್ನಾಗಿ ಬಂದರೆ ಲೆನ್ಸ್ ಚೆನ್ನಾಗಿದೆ.

ಇಷ್ಟಾದರೂ ಮಬ್ಬೇ? ಟ್ರೈಪಾಡ್ ಮೇಲಿಟ್ಟು ಇಟ್ಟಿಗೆ ಗೋಡೆಯನ್ನು ನೇರವಾಗಿ ತೆಗೆಯಿರಿ. ಒಂದು ಪಕ್ಕ ಶಾರ್ಪ್, ಇನ್ನೊಂದು ಪಕ್ಕ ಮೆತ್ತಗೆ ಇದ್ದರೆ ಒಳಗಿನ ಗಾಜು ಓರೆಯಾಗಿದೆ. ಬಿದ್ದ ಲೆನ್ಸಿನಲ್ಲಿ ಇದು ಸಾಮಾನ್ಯ. ಮನೆಯಲ್ಲಿ ಸರಿ ಮಾಡುವ ಕೆಲಸ ಅಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಪ್ರತಿ ಸಲವೂ ಫೋಕಸ್ ಸ್ವಲ್ಪ ಮುಂದೆಯೇ ಅಥವಾ ಹಿಂದೆಯೇ ಬೀಳ್ತಿದ್ದರೆ, ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆ ನೋಡುತ್ತಾ, ಅದೇ ದೃಶ್ಯ ತೆಗೆಯಿರಿ. ಅಲ್ಲಿ ಸರಿ ಬಂದರೆ ಮೆನುವಿನ ಎಎಫ್ ಫೈನ್ ಟ್ಯೂನ್‌ನಲ್ಲಿ ತಿದ್ದಬಹುದು, ಆ ಆಯ್ಕೆ ಇರುವ ಬಾಡಿ ಆದರೆ.

ಲೆನ್ಸ್ ಒಳಗೆ ಜೇಡರ ಬಲೆ ಥರ ಏನೋ ಕಾಣ್ತಿದೆ

ಬೆಂಗಳೂರಿನ ಮಳೆಗಾಲದಲ್ಲಿ, ಬಿಸಿಲೇ ಬೀಳದ ಗೋಡೆಯ ಕಬೋರ್ಡಿನಲ್ಲಿ, ಬಳಸದೆ ಎರಡು ತಿಂಗಳು ಬ್ಯಾಗಿನಲ್ಲೇ ಇಟ್ಟ ಲೆನ್ಸ್. ಬೂಷ್ಟು ಹಿಡಿಯಲು ಇನ್ನೇನು ಬೇಕು?

ಲೆನ್ಸನ್ನು ಬಾಡಿಯಿಂದ ತೆಗೆದು, ಕತ್ತಲ ಕೋಣೆಯಲ್ಲಿ ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಬಿಡಿ ಬಿಡಿ ಚುಕ್ಕೆ ಆದರೆ ದೂಳು, ಯೋಚನೆ ಬೇಡ. ಎಲ್ಲ ಲೆನ್ಸಲ್ಲೂ ಇರುತ್ತೆ. ಬೇರಿನ ಥರ ಕವಲೊಡೆದ ಗೆರೆಗಳಾದರೆ ಫಂಗಸ್. ಇಡೀ ಗಾಜಿಗೆ ಹೊಗೆ ಹಿಡಿದ ಹಾಗಿದ್ದರೆ ಒಳಗಿನ ಎಣ್ಣೆಯ ಆವಿ ಕೂತಿರಬಹುದು. ಗಾಜಿನ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ, ಗುಳ್ಳೆ ಕಂಡರೆ ಎರಡು ಗಾಜುಗಳನ್ನು ಅಂಟಿಸಿದ ಅಂಟು ಬಿಡ್ತಿದೆ, ಅದರ ರಿಪೇರಿ ದುಬಾರಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಈ ಟಾರ್ಚ್ ಪರೀಕ್ಷೆ ಮಾಡದೆ ದುಡ್ಡು ಕೊಡಲೇಬೇಡಿ.

ಹೊರಗಿನ ಗಾಜಿನ ಮೇಲಷ್ಟೇ ಇದ್ದರೆ ಲೆನ್ಸ್ ಕ್ಲೀನರ್ ಹಾಕಿ ಒರೆಸಬಹುದು. ಒಳಗಿದ್ದರೆ ಬೇಗ ಬಿಚ್ಚಿಸಿ ಕ್ಲೀನ್ ಮಾಡಿಸಿ, ತಿಂಗಳುಗಟ್ಟಲೆ ಮುಂದೂಡಬೇಡಿ. ಫಂಗಸ್ ಬಿಡುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತೆ. ಒಮ್ಮೆ ತಿಂದರೆ ಫಂಗಸ್ ಹೋದರೂ ಗುರುತು ಉಳಿಯುತ್ತೆ. ಲೆನ್ಸನ್ನು ಬಿಸಿಲಿಗೆ ಇಟ್ಟರೆ ಸರಿಹೋಗುತ್ತೆ ಅಂತ ಹಿರಿಯರು ಹೇಳ್ತಾರೆ. ಬೂಷ್ಟು ಸತ್ತರೂ ಅದರ ಹೆಣ ಅಲ್ಲೇ ಇರುತ್ತೆ, ಒಳಗಿನ ಎಣ್ಣೆ ಬಿಸಿಗೆ ಹರಿಯುತ್ತೆ. ಅದಕ್ಕಿಂತ ಹೆಚ್ಚಾಗಿ, ಬಿಸಿಲಿನಲ್ಲಿ ಮುಚ್ಚಳ ತೆಗೆದಿಟ್ಟ ಲೆನ್ಸ್ ಅಂದರೆ ಭೂತಗನ್ನಡಿ. ಕಿಟಕಿ ಪಕ್ಕದ ಪರದೆ, ಪೇಪರ್ ಸುಟ್ಟೀತು, ಜೋಕೆ.

ತಡೆಯೋದು ಕಷ್ಟವಲ್ಲ. ಅಡುಗೆಮನೆಯ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ಒಂದು ಸಣ್ಣ ಹೈಗ್ರೋಮೀಟರ್. ತೇವ 40ರಿಂದ 50 ಪರ್ಸೆಂಟ್ ಮಧ್ಯೆ ಇದ್ದರೆ ಸಾಕು, 60 ದಾಟಿ ಅಲ್ಲೇ ನಿಂತರೆ ಅಪಾಯ. ಸಿಲಿಕಾ ಜೆಲ್ ಕಿತ್ತಳೆ ಬಣ್ಣದ್ದು ತಗೊಳ್ಳಿ, ತೇವ ಕುಡಿದಾಗ ಹಸಿರಾಗುತ್ತೆ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ಅದು ವಿಷ, ಮಕ್ಕಳಿರುವ ಮನೆಗೆ ಬೇಡ. ಲೆನ್ಸ್ ಮೂರು ನಾಲ್ಕಾದ ಮೇಲೆ ಕರೆಂಟಿನ ಡ್ರೈ ಕ್ಯಾಬಿನೆಟ್ ತಗೊಂಡರೆ ನಿಶ್ಚಿಂತೆ.

ಚಿತ್ರದಲ್ಲಿ ಪಟ್ಟೆ ಪಟ್ಟೆ, ಅಥವಾ ಕೆಳಗೆ ಕಪ್ಪು ಪಟ್ಟಿ

ಕರಗ ಉತ್ಸವದ ರಾತ್ರಿ, ಮದುವೆ ಹಾಲ್, ಎಲ್‌ಇಡಿ ಸೀರಿಯಲ್ ಸೆಟ್. ಫೋಟೋ ತುಂಬಾ ಅಡ್ಡ ಪಟ್ಟೆ. ಸೆನ್ಸರ್ ಹೋಗಿಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತೆ. ಸೈಲೆಂಟ್ ಅಂದರೆ ಎಲೆಕ್ಟ್ರಾನಿಕ್ ಶಟರ್ ಆಫ್ ಮಾಡಿ, ಶಟರ್ ವೇಗ 1/100 ಅಥವಾ 1/50 ಇಡಿ, ಆಂಟಿ-ಫ್ಲಿಕರ್ ಆನ್ ಮಾಡಿ. ಹೆಚ್ಚಿನ ಸಲ ಇಷ್ಟೇ ಸಾಕು. ಆದರೆ ವೇದಿಕೆ ಮೇಲೆ ಲೇಸರ್ ದೀಪ ಇದ್ದರೆ ಅದು ನೇರ ಲೆನ್ಸಿಗೆ ಬೀಳದ ಹಾಗೆ ನಿಲ್ಲಿ. ಲೇಸರ್ ಒಂದು ಕ್ಷಣದಲ್ಲಿ ಸೆನ್ಸರ್ ಸುಡುತ್ತೆ, ಆ ಗೆರೆ ಮತ್ತೆ ಹೋಗಲ್ಲ.

ಫ್ಲ್ಯಾಶ್ ಹಾಕಿದಾಗ ಮಾತ್ರ ಚಿತ್ರದ ಒಂದು ಪಕ್ಕ ಕಪ್ಪಾದರೆ ಶಟರ್ ವೇಗ ಜಾಸ್ತಿಯಾಗಿದೆ. 1/160ಕ್ಕೆ ಇಳಿಸಿ ನೋಡಿ. ಫ್ಲ್ಯಾಶ್ ಮಿನುಗುವುದೇ ಇಲ್ಲ ಅಂದರೆ ಎಲೆಕ್ಟ್ರಾನಿಕ್ ಶಟರ್ ಆನ್ ಇದೆಯಾ ನೋಡಿ, ಅದರಲ್ಲಿ ತುಂಬಾ ಬಾಡಿಗಳು ಫ್ಲ್ಯಾಶ್ ಹಾರಿಸಲ್ಲ. ಕ್ಯಾನನ್ 1500ಡಿ, 200ಡಿ ಮಾರ್ಕ್ 2ರಂಥ ಬಾಡಿ ಇಟ್ಟುಕೊಂಡವರು ಹಾಟ್ ಶೂ, ಅಂದರೆ ಬಾಡಿಯ ತಲೆ ಮೇಲೆ ಫ್ಲ್ಯಾಶ್ ಕೂರಿಸುವ ಜಾಗದ ಮಧ್ಯೆ ಕಣ್ಣು ಹಾಯಿಸಿ. ಅಲ್ಲಿ ನಡುವಿನ ಚುಕ್ಕೆಯೇ ಇಲ್ಲ. ಹಾಗಾಗಿ ಒಂದೇ ಪಿನ್ನಿನ ಅಗ್ಗದ ಮ್ಯಾನುಯಲ್ ಫ್ಲ್ಯಾಶ್, ಟ್ರಿಗರ್ ಅದರ ಮೇಲೆ ಓಡಲ್ಲ. ಫ್ಲ್ಯಾಶ್ ಕೆಟ್ಟಿದೆ ಅಂತ ವಾಪಸ್ ಕೊಟ್ಟು ಇನ್ನೊಂದು ತಂದರೂ ಅದೇ ಕಥೆ.

ಫ್ಲ್ಯಾಶ್ ಮಾತ್ರ ಮನೆಯಲ್ಲಿ ಬಿಚ್ಚಲೇಬೇಡಿ. ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟ್ ಆಸುಪಾಸು ಕೂತಿರುತ್ತೆ. ಬ್ಯಾಟರಿ ತೆಗೆದು ತುಂಬಾ ಹೊತ್ತಾದ ಮೇಲೂ ಹೊಡೆಯಬಹುದು. ಅಪ್ಪನ ಕಾಲದ ಫಿಲ್ಮ್ ಕ್ಯಾಮೆರಾ ಫ್ಲ್ಯಾಶನ್ನು ಹೊಸ ಬಾಡಿ ಮೇಲೆ ಹಾಕುವುದೂ ಬೇಡ. ಕೆಲವದರ ಟ್ರಿಗರ್ ವೋಲ್ಟೇಜ್ ಇನ್ನೂರು ದಾಟುತ್ತೆ, ಬಾಡಿಯ ಬೋರ್ಡ್ ಆಗ ನಿಜವಾಗಿಯೂ ಹೋಗುತ್ತೆ.

ಕಾರ್ಡ್ ಎರರ್, ಫೋಟೋ ಮಾಯ, ವಿಡಿಯೋ ತಾನೇ ನಿಲ್ಲುತ್ತೆ

ಕಾರ್ಡ್ ಪಕ್ಕದ ಲಾಕ್ ಕಡ್ಡಿ ಕೆಳಗೆ ಜಾರಿದೆಯಾ? ಚುಕ್ಕೆಗಳು ಕೊಳೆಯಾಗಿವೆಯಾ? ಬೇರೆ ಕಾರ್ಡ್ ಹಾಕಿದರೆ ಸರಿಯಾ? ಈ ಮೂರರಲ್ಲೇ ಮುಕ್ಕಾಲು ಪಾಲು ಗೊತ್ತಾಗುತ್ತೆ. ಬೇರೆ ಕಾರ್ಡಿನಲ್ಲೂ ಅದೇ ಎರರ್ ಬಂದರೆ ಸ್ಲಾಟ್ ಒಳಗಿನ ಪಿನ್ ಬಾಗಿರಬಹುದು, ಅಲ್ಲಿ ನಿಲ್ಲಿಸಿ.

ಫೋಟೋ ಕಾಣೆಯಾದರೆ ಆ ಕಾರ್ಡಿಗೆ ಇನ್ನೊಂದೇ ಒಂದು ಫೋಟೋ ಬರೆಯಬೇಡಿ, ಫಾರ್ಮ್ಯಾಟ್ ಮಾಡಿ ಅಂತ ಕೇಳಿದರೂ ಮಾಡಬೇಡಿ. ತೆಗೆದಿಟ್ಟು ಮನೆಗೆ ಬಂದು ಫೋಟೋರೆಕ್ ಥರದ ಉಚಿತ ಸಾಫ್ಟ್‌ವೇರ್ ಓಡಿಸಿ. ಮೇಲೆ ಹೊಸದು ಬರೆಯದಿದ್ದರೆ ಸಿಗುವ ಸಾಧ್ಯತೆ ಚೆನ್ನಾಗಿದೆ.

ಅರ್ಧ ಬೆಲೆಗೆ ಸಿಕ್ಕ 256 ಜಿಬಿ ಕಾರ್ಡಿನಲ್ಲಿ ಮೊದಲ 30 ಜಿಬಿ ಚೆನ್ನಾಗಿ ಬಂದು ಆಮೇಲಿನ ಫೋಟೋಗಳೆಲ್ಲ ಹಾಳಾದರೆ ಅದು ನಕಲಿ. ಹೊಸ ಕಾರ್ಡ್ ತಂದ ದಿನವೇ ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಎಫ್3 ಓಡಿಸಿ ಪೂರ್ತಿ ತುಂಬಿಸಿ ಪರೀಕ್ಷಿಸಿ. ವಿಡಿಯೋ ನಡುವೆ ನಿಲ್ಲುವುದು ಬೇರೆ ವಿಷಯ, ಹೆಚ್ಚಾಗಿ ಕಾರ್ಡಿನ ವೇಗ ಸಾಲುತ್ತಿರಲ್ಲ. ವಿ30 ಅಂದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್. ಸೆಕೆಂಡಿಗೆ 400 ಮೆಗಾಬಿಟ್ ವಿಡಿಯೋವನ್ನು ಎಂಟರಿಂದ ಭಾಗಿಸಿದರೆ 50 ಮೆಗಾಬೈಟ್ ಆಯ್ತು. ಅದಕ್ಕೆ ವಿ60 ಬೇಕು.

ಬ್ಯಾಟರಿ ಬೇಗ ಖಾಲಿ, ಚಾರ್ಜ್ ಆಗ್ತಿಲ್ಲ, ಹೊರಗೆ ಬರ್ತಿಲ್ಲ

ಕೊನೆಯದರಿಂದಲೇ ಶುರು ಮಾಡ್ತೀನಿ, ಯಾಕಂದರೆ ಅದು ಅಪಾಯದ್ದು. ಬ್ಯಾಟರಿ ಬಿಗಿಯಾಗಿ ಸಿಕ್ಕಿಕೊಂಡಿದ್ದರೆ ಅದು ಊದಿಕೊಂಡಿರಬಹುದು. ಸ್ಕ್ರೂಡ್ರೈವರ್, ಇಕ್ಕಳ ಯಾವುದೂ ಬೇಡ, ಚುಚ್ಚಿದರೆ ಬೆಂಕಿ ಹತ್ತುತ್ತೆ. ಚಾರ್ಜ್ ಮಾಡದೆ ಹಾಗೇ ಸರ್ವಿಸ್‌ಗೆ ಒಯ್ಯಿರಿ. ಸುಲಭವಾಗಿ ಹೊರಗೆ ಬಂದ ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೂ ಮತ್ತೆ ಬಳಸಬೇಡಿ. ಕಸದ ಗಾಡಿಗೂ ಹಾಕಬೇಡಿ, ಇ-ವೇಸ್ಟ್ ತಗೊಳ್ಳುವವರಿಗೆ ಕೊಡಿ. ವಿಮಾನದಲ್ಲಿ ಹೋಗುವಾಗ ಹೆಚ್ಚುವರಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು.

ಬೇಗ ಖಾಲಿಯಾಗುತ್ತಿದ್ದರೆ ಬ್ಲೂಟೂತ್, ವೈಫೈ ಆಫ್ ಮಾಡಿ ಒಂದು ರಾತ್ರಿ ಇಟ್ಟು ನೋಡಿ. ಬ್ಯಾಟರಿ ಗ್ರಿಪ್ ಇದ್ದರೆ ತೆಗೆದು ನೋಡಿ. ಬೇರೆ ಕಂಪನಿಯ ಬ್ಯಾಟರಿ ತೋರಿಸುವ ಪರ್ಸೆಂಟ್ ನಂಬಬೇಡಿ, 60 ಇದ್ದದ್ದು ನೇರ ಸೊನ್ನೆಗೆ ಬಿದ್ದದ್ದು ಉಂಟು. ಯುಎಸ್‌ಬಿಯಲ್ಲಿ ಚಾರ್ಜ್ ಆಗ್ತಿಲ್ಲ ಅನ್ನುವ ನಿಕಾನ್ ಝಡ್6, ಝಡ್7 ಗೆಳೆಯರು ಬ್ಯಾಟರಿ ಮೇಲಿನ ಹೆಸರು ಓದಿ. ಇಎನ್-ಇಎಲ್15 ಮತ್ತು 15ಎ ಬಾಡಿಯೊಳಗೆ ಚಾರ್ಜ್ ಆಗಲ್ಲ, 15ಬಿ ಮತ್ತು 15ಸಿ ಆಗುತ್ತವೆ. ಉಳಿದವರು ಮೊದಲು ಕೇಬಲ್, ಆಮೇಲೆ ಚಾರ್ಜರ್ ಬದಲಿಸಿ. ಕೆಲವು ಬಾಡಿಗಳಿಗೆ ಪವರ್ ಡೆಲಿವರಿ ಇರುವ ಚಾರ್ಜರೇ ಬೇಕು, ಹಳೇ ಮೊಬೈಲ್ ಚಾರ್ಜರ್ ಹಾಕಿದರೆ ದೀಪವೂ ಹತ್ತಲ್ಲ.

ಅಲ್ಲಾಡಿಸಿದರೆ ಕಟಕಟ ಸದ್ದು

ಆಫ್ ಇದ್ದಾಗ ಸದ್ದು, ಆನ್ ಮಾಡಿದರೆ ಇಲ್ಲ. ಹಾಗಾದರೆ ಚೆನ್ನಾಗೇ ಇದೆ. ಬಾಡಿಯೊಳಗಿನ ಸೆನ್ಸರ್, ಲೀನಿಯರ್ ಮೋಟಾರ್ ಇರುವ ಲೆನ್ಸಿನ ಗಾಜುಗಳು ಕರೆಂಟ್ ಇಲ್ಲದಾಗ ಸಡಿಲವಾಗಿ ತೂಗುತ್ತವೆ. ಆನ್ ಇದ್ದಾಗಲೂ ಸದ್ದು ಬಂದರೆ, ಅಥವಾ ಬಿದ್ದ ನಂತರ ಶುರುವಾಗಿದ್ದರೆ ತೋರಿಸಿ.

ಮಳೆಯಲ್ಲಿ ನೆನೆಯಿತು

ಆನ್ ಮಾಡಿ ನೋಡೋಣ ಅನ್ನುವ ಆಸೆ ತಡೆಯಿರಿ. ತಕ್ಷಣ ಬ್ಯಾಟರಿ, ಕಾರ್ಡ್ ತೆಗೆಯಿರಿ. ಹೊರಗೆ ಒರೆಸಿ. ಅಕ್ಕಿ ಡಬ್ಬಿ ಬೇಡ, ಹಿಟ್ಟು ಒಳಗೆ ಹೋಗುತ್ತೆ. ಹೇರ್ ಡ್ರೈಯರ್ ಬೇಡ, ನೀರನ್ನು ಇನ್ನೂ ಒಳಗೆ ತಳ್ಳುತ್ತೆ. ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಎರಡು ದಿನ ಬಿಡಿ. ಒಳಗೆ ನೀರು ಹೋಗಿದೆ ಅಂತ ಅನುಮಾನ ಇದ್ದರೆ ಒಣಗಿಸುತ್ತಾ ಕೂರದೆ ಅದೇ ದಿನ ಸರ್ವಿಸ್‌ಗೆ ಕೊಡಿ, ತುಕ್ಕು ಕಾಯಲ್ಲ. ಎಸಿ ಕಾರಿನಿಂದ ಇಳಿದಾಗ ಲೆನ್ಸ್ ಮೇಲೆ ಕೂರುವ ಹಬೆ ಮಾತ್ರ ಬೇರೆ. ಹತ್ತಿಪ್ಪತ್ತು ನಿಮಿಷ ಬ್ಯಾಗಿನಲ್ಲೇ ಬಿಡಿ, ತಾನೇ ಹೋಗುತ್ತೆ. ಹಬೆ ಇರುವಾಗ ಲೆನ್ಸ್ ಬಿಚ್ಚಬೇಡಿ.

ಕೊನೆಗೂ ಅಂಗಡಿಗೆ ಒಯ್ಯಬೇಕಾದರೆ

ಫಿಲ್ಟರ್, ಕಾರ್ಡ್, ಬೆಲ್ಟ್, ಟ್ರೈಪಾಡ್ ಪ್ಲೇಟ್ ಮನೆಯಲ್ಲೇ ಬಿಚ್ಚಿಡಿ. ತೊಂದರೆ ತೋರಿಸುವ ನಾಲ್ಕು ಫೋಟೋ, ಎರರ್ ಬಂದಾಗ ಮೊಬೈಲಿನಲ್ಲಿ ತೆಗೆದ ಪರದೆಯ ಚಿತ್ರ ಜೊತೆಗಿರಲಿ. ಯಾವ ಲೆನ್ಸ್ ಬದಲಿಸಿ ನೋಡಿದಿರಿ, ಏನಾಯ್ತು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನನ್ನ ಅನುಭವದಲ್ಲಿ ಈ ಚೀಟಿ ಇದ್ದಾಗ ಎದುರಿನವರು ಬೋರ್ಡಿನ ಮಾತು ತೆಗೆಯುವ ಮೊದಲು ಒಮ್ಮೆ ಯೋಚಿಸುತ್ತಾರೆ. ವಾರಂಟಿ ಇದ್ದರೆ ಬಿಲ್ ಸಮೇತ ಕಂಪನಿಯ ಅಧಿಕೃತ ಸೆಂಟರಿಗೇ ಹೋಗಿ, ಹೊರಗಡೆ ಒಂದು ಸ್ಕ್ರೂ ಬಿಚ್ಚಿಸಿದರೂ ವಾರಂಟಿ ಹೋಗಬಹುದು. ಬಾಡಿ ಮತ್ತು ಲೆನ್ಸ್ ಎರಡರ ಸೀರಿಯಲ್ ನಂಬರನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ. ಬಿಚ್ಚುವ ಮೊದಲೇ ಎಷ್ಟಾಗುತ್ತೆ ಅಂತ ಬರಹದಲ್ಲಿ ಕೇಳಿ, ಬದಲಿಸಿದ ಹಳೇ ಭಾಗ ವಾಪಸ್ ಬೇಕು ಅಂತ ಆಗಲೇ ಹೇಳಿಡಿ. ವಾಪಸ್ ತಗೊಳ್ಳುವಾಗ ಅಂಗಡಿಯ ಕೌಂಟರಿನಲ್ಲೇ ಎಫ್/16ರಲ್ಲಿ ಒಂದು ಬಿಳಿ ಗೋಡೆ, ಎಫ್/2.8ರಲ್ಲೋ ಅಥವಾ ಲೆನ್ಸ್ ಪೂರ್ತಿ ತೆರೆದೋ ಎದುರಿನ ನಾಮಫಲಕದ ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ, ಆಮೇಲೆ ದುಡ್ಡು ಕೊಡಿ.